ಎಂಬಿಎ, ಮಕ್ಕಳು ಮತ್ತು ಕ್ಯಾಲ್ಕುಲೇಟರ್

ಆನ್‌ಲೈನ್ ಎಂಬಿಎ ಅಂದರೆ ಬಿಡುವಾದಾಗ ಓದಬಹುದು ಅಂತ ಎಲ್ಲರೂ ಹೇಳುತ್ತಾರೆ. ಕೆಲಸ, ಮಕ್ಕಳು ಎರಡೂ ಇರುವವರಿಗೆ ಬಿಡುವು ಎಲ್ಲಿಂದ ಬರಬೇಕು, ಅಲ್ವಾ?

ರೆಕಾರ್ಡ್ ಆದ ಪಾಠ ಪರವಾಗಿಲ್ಲ, ಪಾತ್ರೆ ತೊಳೆಯುತ್ತಾ ಕೇಳಬಹುದು. ಫೈನಾನ್ಸ್ ಹಾಗಲ್ಲ, ಪೆನ್ನು ಹಿಡಿದು ಕೂರಲೇಬೇಕು. ಶೇ. 10ರ ಬಡ್ಡಿ ದರದಲ್ಲಿ ಮುಂದಿನ ವರ್ಷ ಬರುವ 110 ರೂಪಾಯಿಯ ಇವತ್ತಿನ ಬೆಲೆ 100, ಎರಡು ವರ್ಷ ಬಿಟ್ಟು ಬರುವ 121ರ ಬೆಲೆಯೂ ಅದೇ 100 ಅಂತ ಲೆಕ್ಕ ಹಾಕುತ್ತಿರುವಾಗಲೇ ಮಗಳು ಬಂದು ಕ್ಯಾಲ್ಕುಲೇಟರ್ ಕಿತ್ತುಕೊಂಡು ಅಂಗಡಿ ಆಟ ಶುರು ಮಾಡುತ್ತಾಳೆ.

ನಿಜವಾದ ತಲೆನೋವು ಗ್ರೂಪ್ ಪ್ರಾಜೆಕ್ಟ್. ಎಲ್ಲರಿಗೂ ಹೊಂದುವ ಹೊತ್ತು ಅಂತ ಒಂದು ಸಿಗುವುದೇ ಇಲ್ಲ. ನಾನು ಮೊದಲೇ ಹೇಳಿಬಿಡುತ್ತೇನೆ: ರಾತ್ರಿ ಊಟದ ಹೊತ್ತಿಗೆ ಕಾಲ್‌ಗೆ ಬರಲ್ಲ, ಬದಲಿಗೆ ಎಕ್ಸೆಲ್ ಕೆಲಸ ಪೂರ್ತಿ ನನ್ನದು.

ಸೇರುವ ಮುಂಚೆ ಬಿಸಿನೆಸ್ ಸ್ಕೂಲ್‌ಗಳಿಗೆ ಕೊಡುವ ಎಎಸಿಎಸ್‌ಬಿ, ಇಕ್ವಿಸ್ ತರಹದ ಅಂತರರಾಷ್ಟ್ರೀಯ ಮಾನ್ಯತೆ ಇದೆಯಾ ನೋಡಿ. ಅದರ ಜೊತೆಗೆ, ಸೆಮಿಸ್ಟರ್‌ಗೆ ಒಂದೇ ಕೋರ್ಸ್ ತಗೊಳ್ಳೋಕೆ ಬಿಡುತ್ತಾರಾ, ಮಗುವಿಗೆ ಜ್ವರ ಬಂದರೆ ಅಸೈನ್‌ಮೆಂಟ್ ಗಡುವು ಮುಂದೂಡುತ್ತಾರಾ, ಪರೀಕ್ಷೆಗೆ ಕ್ಯಾಮೆರಾ ಮುಂದೆ ಒಬ್ಬರೇ ಕೂರಬೇಕಾ ಅಂತ ಕೇಳಿ. ಕೂರಬೇಕು ಅಂದರೆ, ಆವತ್ತು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಗೊತ್ತುಮಾಡಿಕೊಳ್ಳಿ.