ಎಲ್ಲಾ ಹಸಿರು ಬಂದರೂ ನಾನು ಸಹಿ ಹಾಕುವುದಿಲ್ಲ

ಪೀಣ್ಯದಲ್ಲಿ ಪ್ರೆಸ್ ಟೂಲ್, ಅಂದರೆ ಸ್ಟೀಲ್ ಶೀಟನ್ನು ಒತ್ತಿ ಆಕಾರ ಕೊಡುವ ಅಚ್ಚು, ಮಾಡುವ ಕಡೆ ನನ್ನ ಕೆಲಸ. ಆ ಅಚ್ಚಿನ ಡೈ ಮಷಿನಿಂಗಿಗೆ ಹೋಗುವ ಮೊದಲೇ ಶೀಟ್ ಎಲ್ಲಿ ಹರಿದು ಸೀಳುತ್ತೆ, ಎಲ್ಲಿ ಸುಕ್ಕು ಬೀಳುತ್ತೆ ಅಂತ ಸಿಮ್ಯುಲೇಶನ್‌ನಲ್ಲಿ ನೋಡಿ ಹೇಳಬೇಕು. ಹೊಸ ಹುಡುಗರು ಕೇಳುವುದು ಒಂದೇ: "ಸಾರ್, ಆಪ್ಟಿಮೈಸ್ ಕೊಟ್ರೆ ಬೆಸ್ಟ್ ಸೆಟ್ಟಿಂಗ್ ಅದೇ ಕೊಡುತ್ತಲ್ವಾ?" ಕೊಡುತ್ತೆ. ಆದರೆ ಅದನ್ನು ಹಾಗೇ ಟೂಲ್ ರೂಮಿಗೆ ಕಳಿಸಬಾರದು.

ಇತ್ತೀಚಿನ ಒಂದು ಆಯಿಲ್ ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ನೋಡಿ. 1.2 ಮಿ.ಮೀ. ಇಡಿಡಿ (ಆಳವಾಗಿ ಎಳೆಯಲೆಂದೇ ಮಾಡಿದ ಸ್ಟೀಲ್) ಶೀಟ್; ಡ್ರಾ, ಅಂದರೆ ಪಂಚ್ ಶೀಟನ್ನು ಡೈ ಒಳಗೆ ತಳ್ಳುವುದು, ಚೆನ್ನಾಗೇ ಆಳ. ಬ್ಲ್ಯಾಂಕ್ (ಕತ್ತರಿಸಿಟ್ಟ ಶೀಟ್ ತುಂಡು) ಅಂಚನ್ನು ಒತ್ತಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರ್ ಒತ್ತಡ ಕಡಿಮೆಯಾದರೆ ಫ್ಲ್ಯಾಂಜಲ್ಲಿ, ಅಂದರೆ ಆ ಅಂಚಲ್ಲಿ, ಸುಕ್ಕು. ಜಾಸ್ತಿಯಾದರೆ ಶೀಟ್ ಒಳಗೆ ಜಾರುವುದಿಲ್ಲ, ಪಂಚ್ ಮೂಲೆ ಹತ್ತಿರ ತೆಳುವಾಗಿ ಕ್ರ್ಯಾಕ್. ಸುಕ್ಕೂ ಬೇಡ, ಬ್ಲ್ಯಾಂಕೂ ಚಿಕ್ಕದಾಗಲಿ ಅಂತ ಸಾಫ್ಟ್‌ವೇರಿಗೆ ಹೇಳಿದರೆ ಅದು ನೇರ ಕ್ರ್ಯಾಕಿನ ಅಂಚಿಗೇ ಹೋಗಿ ನಿಲ್ಲುತ್ತೆ. ಅದರ ತಪ್ಪಲ್ಲ, ನಾವು ಕೇಳಿದ್ದೇ ಅದು.

ಶೀಟ್ ಎಲ್ಲೆಲ್ಲಿ ಎಷ್ಟು ಹಿಗ್ಗಿದೆ ಅಂತ ಚುಕ್ಕಿಗಳಲ್ಲಿ ತೋರಿಸುವ ಫಾರ್ಮಿಂಗ್ ಲಿಮಿಟ್ ಡಯಾಗ್ರಾಮಲ್ಲಿ ಚುಕ್ಕಿಗಳೆಲ್ಲ ಕ್ರ್ಯಾಕ್ ಆಗುವ ಗೆರೆಯ ಕೆಳಗೇ, ಹಸಿರಲ್ಲೇ ಇದ್ದವು. ಆದರೆ ಒಂದು ಮೂಲೆಯ ಚುಕ್ಕಿಗಳು ಗೆರೆಗೆ ಅಂಟಿಕೊಂಡಂತಿದ್ದವು. ಎನ್ ವ್ಯಾಲ್ಯೂ (ಹಿಗ್ಗುತ್ತಾ ಶೀಟ್ ಎಷ್ಟು ಗಟ್ಟಿಯಾಗುತ್ತೆ ಅನ್ನುವ ಅಂಕಿ) ಸ್ವಲ್ಪ ಇಳಿಸಿ, ಘರ್ಷಣೆಯನ್ನು 0.12ರಿಂದ 0.15ಕ್ಕೆ ಏರಿಸಿ ಮತ್ತೆ ಓಡಿಸಿದೆ. ಅವೇ ಚುಕ್ಕಿಗಳು ಗೆರೆ ದಾಟಿದವು. ಶಾಪಲ್ಲಿ ಇಷ್ಟು ವ್ಯತ್ಯಾಸ ಆಗೇ ಆಗುತ್ತೆ. ಕಾಯಿಲ್ (ಶೀಟಿನ ಸುರುಳಿ) ಬದಲಾದರೆ ಸ್ಟೀಲಿನ ಗುಣ ಕೊಂಚ ಬದಲಾಗುತ್ತೆ. ಎಣ್ಣೆ ಒಂದು ಶೀಟಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ.

ಪರಿಹಾರ ಹೇಳಿದ್ದು ಟೂಲ್ ರೂಮಿನ ಹಿರಿಯ ಫಿಟ್ಟರ್. ಸ್ಕ್ರೀನ್ ನೋಡಿ, "ಮೂಲೇಲಿ ಡ್ರಾ ಬೀಡ್ ಯಾಕೆ ಸಾರ್? ಅಲ್ಲಿ ಶೀಟ್ ತಾನೇ ದಪ್ಪ ಆಗಿ ಬಿಗಿಯುತ್ತೆ" ಅಂದರು. ಡ್ರಾ ಬೀಡ್ ಅಂದರೆ ಶೀಟ್ ಒಳಗೆ ಜಾರುವುದನ್ನು ತಡೆಯುವ ಉಬ್ಬು ಗೆರೆ. ಸರಿಯೇ. ಮೂಲೆಯ ಫ್ಲ್ಯಾಂಜಲ್ಲಿ ಶೀಟ್ ಸುತ್ತಲಿಂದ ಒತ್ತಿಕೊಂಡೇ ಒಳಗೆ ಹೋಗಬೇಕು, ಅದಕ್ಕೇ ದಪ್ಪವಾಗುತ್ತೆ. ಬೀಡನ್ನು ನೇರ ಬದಿಗಳಲ್ಲಿ ಮಾತ್ರ ಉಳಿಸಿ, ಬ್ಲ್ಯಾಂಕಿನ ಮೂಲೆ ಕತ್ತರಿಸಿ, ಆ ಕಡೆ ಡೈ ರೇಡಿಯಸ್ (ಶೀಟ್ ಬಾಗಿ ಒಳಗೆ ಜಾರುವ ಅಂಚಿನ ದುಂಡು) ಸ್ವಲ್ಪ ದೊಡ್ಡದು ಮಾಡಿದೆವು. ಬ್ಲ್ಯಾಂಕಿನ ಅಗಲ ಮಾತ್ರ ಆಪ್ಟಿಮೈಸರ್ ಹೇಳಿದ್ದಕ್ಕಿಂತ ತುಸು ಜಾಸ್ತಿ. ಪರ್ಚೇಸ್‌ನವರು ಗೊಣಗಿದರು, ಗೊಣಗಲಿ. ಒಂದು ಕಾಯಿಲಲ್ಲಿ ಕ್ರ್ಯಾಕ್ ಶುರುವಾಗಿ ಲೈನ್ ನಿಂತರೆ ಆ ಉಳಿತಾಯ ಎಲ್ಲಿಗೆ ಬಂತು?

ಟ್ರಯೌಟಲ್ಲಿ, ಅಂದರೆ ಟೂಲಿನ ಮೊದಲ ಪರೀಕ್ಷೆಯಲ್ಲಿ, ಬ್ಲ್ಯಾಂಕಿನ ಮೇಲೆ 2.5 ಮಿ.ಮೀ. ವೃತ್ತಗಳನ್ನು ಎಚ್ ಮಾಡಿಸಿ ಗುರುತು ಹಾಕಿಸಿದೆವು. ಒತ್ತಿದ ಮೇಲೆ ಅವು ಮೊಟ್ಟೆಯಾಕಾರ ಆಗುತ್ತವೆ. ಉದ್ದ, ಅಗಲ ಅಳೆದು ಅದೇ ಡಯಾಗ್ರಾಮಿಗೆ ಹಾಕಬಹುದು. ಆ ಮೂಲೆಯ ವೃತ್ತಗಳು ಈಗ ಗೆರೆಯಿಂದ ದೂರ ಇದ್ದವು. ಕೀಲರ್ ಮತ್ತು ಗುಡ್ವಿನ್ ಎಂಬ ಸಂಶೋಧಕರು 1960ರ ದಶಕದಲ್ಲಿ ಈ ಡಯಾಗ್ರಾಮ್ ರೂಪಿಸಿದ್ದೂ ಇಂಥ ವೃತ್ತ ಅಳೆದೇ.

ಸ್ಟೀಲ್ ಮಿಲ್ಲಿನ ಸರ್ಟಿಫಿಕೇಟಲ್ಲಿ ಎಷ್ಟೋ ಸಲ ಯೀಲ್ಡ್ (ಶಾಶ್ವತವಾಗಿ ಬಾಗಲು ಶುರುವಾಗುವ ಬಲ), ಎಲಾಂಗೇಶನ್ (ಮುರಿಯುವ ಮೊದಲು ಎಷ್ಟು ಹಿಗ್ಗುತ್ತೆ) ಅಷ್ಟೇ ಇರುತ್ತೆ. ಅದಕ್ಕೆ ಈಗ ಹೊಸ ಜಾಬ್ ಬಂದರೆ ಮೊದಲು ಶೀಟಿನಿಂದ ರೋಲಿಂಗ್ ದಿಕ್ಕಿಗೆ 0, 45, 90 ಡಿಗ್ರಿಯಲ್ಲಿ ಸ್ಯಾಂಪಲ್ ಕತ್ತರಿಸಿ ಎಳೆದು ನೋಡುವ ಟೆನ್ಸೈಲ್ ಟೆಸ್ಟಿಗೆ ಕಳಿಸುತ್ತೇವೆ. ಎನ್ ವ್ಯಾಲ್ಯೂ, ಆರ್ ವ್ಯಾಲ್ಯೂ (ತೆಳುವಾಗುವುದನ್ನು ಶೀಟ್ ಎಷ್ಟು ತಡೆಯುತ್ತೆ ಅನ್ನುವ ಅಂಕಿ) ಕೈಗೆ ಬಂದ ಮೇಲೇ ಆಪ್ಟಿಮೈಸ್ ಬಟನ್.