ಒಂದು ಕಿವಿ, ಮೂರು ಮನೆಮಾತು

ಕಳೆದ ವರ್ಷ ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಬಂಧುಗಳ ಮನೆಯಲ್ಲಿ ನಾಮಕರಣವಿತ್ತು. ಹೆಸರಿಡುವ ಶಾಸ್ತ್ರ ಮುಗಿದು ಮಗುವನ್ನು ತೊಟ್ಟಿಲಿಗೆ ಹಾಕಿದ ಕೂಡಲೇ, ಎಲ್ಲ ನಾಮಕರಣಗಳಲ್ಲೂ ಆಗುವಂತೆ, ಅದು ಯಾರ ಹಾಗಿದೆ ಎಂಬ ಚರ್ಚೆ ಹತ್ತಿಕೊಂಡಿತು. ಮಗುವಿನ ಎಡಗಿವಿಯ ಮೇಲಂಚು ತುಸು ಒಳಕ್ಕೆ ಮಡಚಿಕೊಂಡಿತ್ತು. ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ತಾತನ ಎಡಗಿವಿಯೂ ಹಾಗೆಯೇ ಇದೆ. ಮನೆಮಾತು ತೆಲುಗಾದ ಅಜ್ಜಿ ‘ಅಚ್ಚಂ ವಾಳ್ಳ ತಾತ ಪೋಲಿಕೇ’ ಎಂದರು. ಕೆಜಿಎಫ್ ಕಡೆಯ ಬೀಗಿತ್ತಿ ತಮಿಳಿನಲ್ಲಿ ‘ತಾತಾ ಪೋಲವೇ ಇರುಕ್ಕಾನ್’ ಎಂದರು. ನಮ್ಮ ಚಿಕ್ಕಮ್ಮ ‘ತಾತನ ಹೋಲಿಕೆ ಎದ್ದು ಕಾಣ್ತದೆ’ ಎಂದರು. ಯಾರೂ ಯಾರಿಗೂ ಅರ್ಥ ಬಿಡಿಸಿ ಹೇಳಲಿಲ್ಲ; ಕೋಲಾರದ ಕಡೆ ಅದರ ಅಗತ್ಯವೂ ಬೀಳುವುದಿಲ್ಲ.

ಮೂವರೂ ಆಡಿದ್ದು ಒಂದೇ ಧಾತುವಿನ ಮಾತನ್ನು ಎಂಬುದು ಹೊಳೆದ ಮೇಲೆ ನನ್ನ ಗಮನ ಕಿವಿಯಿಂದ ನುಡಿಗೆ ಹೊರಳಿತು. ಹಳಗನ್ನಡದಲ್ಲಿ, ಪಂಪನ ಕಾಲದ ಕಾವ್ಯಭಾಷೆಯಲ್ಲಿ, ಈ ಧಾತು ‘ಪೋಲ್’ ಎಂದೇ ಇತ್ತು. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗತೊಡಗಿ, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೋಲ್ ಹೋಲು ಆಯಿತು. ತೆಲುಗು, ತಮಿಳುಗಳು ಪಕಾರವನ್ನು ಬಿಡಲಿಲ್ಲ. ನಂಬಿಕೆ, ಕಲಿಕೆಗಳಲ್ಲಿರುವ ‘ಇಕೆ’ ಸೇರಿ ನಮ್ಮದು ಹೋಲಿಕೆಯಾದರೆ, ತೆಲುಗಿನದು ಪೋಲಿಕ; ನಮ್ಮ ಕೋರಿಕೆಯೂ ಅಲ್ಲಿ ಕೋರಿಕ. ಸಂಸ್ಕೃತದ ‘ಸಾದೃಶ್ಯ’ ನೋಡು ಎಂಬರ್ಥದ ‘ದೃಶ್’ ಧಾತುವಿನಿಂದ, ‘ಸಾಮ್ಯ’ವು ‘ಸಮ’ ಎಂಬುದರಿಂದ ಬಂದವು. ಎರಡೂ ಲೇಖನಕ್ಕೆ ಸರಿ, ಆದರೆ ತೊಟ್ಟಿಲ ಬಳಿ ಯಾರೂ ಆಡುವುದಿಲ್ಲ. ಹಲವುಗಳಲ್ಲಿ ಸಮಾನವಾಗಿರುವ ಗುಣಕ್ಕೆ ಪ್ರಾಚೀನ ಭಾರತದ ದರ್ಶನಗಳಲ್ಲೊಂದಾದ ವೈಶೇಷಿಕದವರು ಬಳಸಿದ ‘ಸಾಮಾನ್ಯ’ವಂತೂ ಈಗ ಕನ್ನಡದಲ್ಲಿ ವಿಶೇಷವೇನೂ ಇಲ್ಲದ್ದು ಎಂಬ ಮಟ್ಟಕ್ಕೆ ಇಳಿದಿದೆ.

ತೆಲುಗು ಸಂಸ್ಕೃತದಿಂದ ಹುಟ್ಟಿದ್ದಲ್ಲ, ತಮಿಳು-ಕನ್ನಡಗಳ ಬಳಗದ್ದು ಎಂದು ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ವಾದಿಸಿದ್ದರು. ಕೇಳಲು ಒಂದೇ ಬಗೆಯಾದ ಮಾತನ್ನು ನೆರೆಯವರಿಂದ ಕಡ ತಂದಿರಲೂಬಹುದು. ಆದರೆ ಅವರಲ್ಲಿ ಪ ಇರುವ ಕಡೆ ನಮ್ಮಲ್ಲಿ ಪದಪದಕ್ಕೂ ಹ ಬರುವ ಈ ಕ್ರಮಬದ್ಧ ವ್ಯತ್ಯಾಸವೇ ನನಗೆ ಒಡಹುಟ್ಟಿನ ಗಟ್ಟಿ ಸಾಕ್ಷಿಯಾಗಿ ಕಾಣುತ್ತದೆ.

ಊಟದ ಪಂಕ್ತಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ, ಪಿಯುಸಿ ಓದುವ ಸೋದರಳಿಯ ಎಲೆಯ ತುದಿಯನ್ನು ತೋರಿಸಿ, ‘ಹಂಗಾದ್ರೆ ಇದು ಯಾಕೆ ಉಹ್ಹು ಆಗಲಿಲ್ಲ ಮಾವ?’ ಎಂದ. ಒಳ್ಳೆಯ ಪ್ರಶ್ನೆ. ಪದದ ನಡುವಿನ ಒತ್ತಿನ ಪಕಾರವನ್ನು ಆ ಬದಲಾವಣೆ ಮುಟ್ಟಲಿಲ್ಲ; ಹಾಗಾಗಿಯೇ ಉಪ್ಪು, ತಪ್ಪು ಮೂರು ಭಾಷೆಗಳಲ್ಲೂ ಉಪ್ಪು, ತಪ್ಪುಗಳಾಗಿಯೇ ಉಳಿದಿವೆ ಎಂದೆ. ಅವನು ಅಜ್ಜಿಯನ್ನೂ ಬೀಗಿತ್ತಿಯನ್ನೂ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ನನ್ನನ್ನು ನಂಬಿದ.