ಎರಡನೆಯ ಬಲೂನು ಕೊನೆಗೂ ಉಸಿರಾಡಿತು

ಮನೆಯಲ್ಲೇ ಉಸಿರಾಟದ ಒಂದು ಮಾದರಿ ಕಟ್ಟುತ್ತಿದ್ದೇನೆ: ಪ್ಲಾಸ್ಟಿಕ್ ಕ್ಯಾನೇ ಎದೆಗೂಡು, ಎರಡು ಬಲೂನುಗಳೇ ಶ್ವಾಸಕೋಶ. ಅದರಲ್ಲಿ ಹನ್ನೊಂದು ದಿನ ಸತಾಯಿಸಿದ ಬಲೂನು ನಿನ್ನೆ ರಾತ್ರಿ ಊದಿಕೊಂಡಿತು. ಮೈಸೂರಿನ ಕುವೆಂಪುನಗರದ ನಮ್ಮ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಚಪ್ಪಾಳೆ ಹೊಡೆದೆ.

ಐದು ಲೀಟರಿನ ಕ್ಯಾನಿನ ತಳ ಕತ್ತರಿಸುವುದು, ರಬ್ಬರ್ ಹಾಳೆಯನ್ನು ವಪೆಯಾಗಿ (ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯಾಗಿ) ಬಿಗಿಯುವುದು, ಸಂದುಗಳಿಗೆ ಎಂ-ಸೀಲ್ ಮೆತ್ತುವುದು ನಿಮಗೆಲ್ಲ ಗೊತ್ತಿರುವುದೇ. ನನ್ನ ಗೋಳು ಅದರ ನಂತರದ್ದು. ವಪೆಯನ್ನು ಕೆಳಗೆಳೆದರೆ ಎದೆಗೂಡಿನೊಳಗಿನ ಒತ್ತಡ ಇಳಿದು ಹೊರಗಿನ ಗಾಳಿ ಎರಡೂ ಶ್ವಾಸಕೋಶಗಳಿಗೆ ನುಗ್ಗಬೇಕು. ನುಗ್ಗುತ್ತಿದ್ದದ್ದು ಬಲಕ್ಕೆ ಮಾತ್ರ. ಅದು ಮೂಸಂಬಿಯಷ್ಟಾದರೂ ಎಡದ್ದು ಒಣಮೆಣಸಿನಕಾಯಿಯ ಹಾಗೆ ಮುದುಡಿ ನೇತಾಡುತ್ತಿತ್ತು.

ಮೊದಲು ಅನುಮಾನ ಬಿದ್ದದ್ದು ಕವಲುಕೊಳವೆಯ ಮೇಲೆ. ನಮ್ಮ ಶ್ವಾಸನಾಳದ ಬಲಗವಲು ಎಡದ್ದಕ್ಕಿಂತ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಮಕ್ಕಳ ಗಂಟಲಿನಿಂದ ತಪ್ಪಿಬಿದ್ದ ಕಡಲೆಬೀಜ ಹೆಚ್ಚಾಗಿ ಬಲಕ್ಕೆ ಜಾರುವುದು ಅದಕ್ಕೇ. ನಾನೂ ಹಾಗೆಯೇ ಜೋಡಿಸಿದ್ದೆ. ಆದರೆ ಎಡಕ್ಕೆ 8 ಮಿಲಿಮೀಟರ್ ಕೊಳವೆ ಕೇಳಿದರೆ ಅಂಗಡಿಯವರು 6ರದ್ದನ್ನು ಕಟ್ಟಿಕೊಟ್ಟಿದ್ದರು. ಬದಲಾಯಿಸಲು ಎರಡು ಸಲ ಅಲೆದೆ. ‘ಎಲ್ಲ ಒಂದೇ ಸಾರ್’ ಎಂದರು. ಒಂದೇ ಹೇಗಾದೀತು? ನಯವಾಗಿ ಹರಿಯುವ ಗಾಳಿಗೂ ಕೊಳವೆಯ ವ್ಯಾಸ ಅರ್ಧವಾದರೆ ಅಡ್ಡಿ ಹದಿನಾರು ಪಟ್ಟು ಏರುತ್ತದೆ. ಉಬ್ಬಸದವರನ್ನು ಕೇಳಿದರೆ ಗೊತ್ತಾಗುತ್ತದೆ.

ಸರಿಯಾದ ಕೊಳವೆ ಬಂದರೂ ಎಡಕ್ಕೆ ಉಸಿರಿಲ್ಲ. ಕೊನೆಗೆ ಬಲೂನುಗಳನ್ನೇ ಅದಲುಬದಲು ಮಾಡಿದೆ. ಈಗ ಊದಿದ್ದು ಎಡದ್ದು! ತಪ್ಪು ಕೊಳವೆಯದ್ದಲ್ಲ, ರಬ್ಬರಿನದು.

ಬಾಯಿಂದ ಊದುವಾಗ ನೆನಪಿಸಿಕೊಳ್ಳಿ: ಬಲೂನು ಮೊದಲಿಗೆ ಹಟ ಹಿಡಿಯುತ್ತದೆ, ಒಮ್ಮೆ ಸೋತರೆ ಸಲೀಸು. ಮೊದಲು ಸೋತದ್ದು ಗಾಳಿಯನ್ನೆಲ್ಲ ಬಾಚಿಕೊಳ್ಳುತ್ತದೆ. ಇದೇ ಅಪಾಯ ನಮ್ಮ ಎದೆಯೊಳಗೂ ಇದೆ, ಅದೂ ಕೋಟಿಗಟ್ಟಲೆ ಕಡೆ. ಶ್ವಾಸಕೋಶದೊಳಗಿನ ಪುಟ್ಟ ಗಾಳಿಚೀಲಗಳಾದ ವಾಯುಕೋಶಗಳ ಒಳಗೋಡೆಗೆ ತೆಳು ನೀರಿನ ಪದರವಿದೆ. ಆ ಪದರವನ್ನು ಕುಗ್ಗಿಸಲೆಳೆಯುವ ಮೇಲ್ಮೈ ಸೆಳೆತದಿಂದ ಚಿಕ್ಕ ಗುಳ್ಳೆಯಲ್ಲಿ ಒತ್ತಡ ಹೆಚ್ಚಿ, ಅದು ದೊಡ್ಡದರೊಳಕ್ಕೆ ಬರಿದಾಗಿಬಿಡಬೇಕು. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡು. ಕೋಶ ಕುಗ್ಗಿದಷ್ಟೂ ಅದು ಸೆಳೆತವನ್ನು ಇಳಿಸುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಉಸಿರಿಗೆ ಒದ್ದಾಡುವುದು ಈ ಜಿಡ್ಡಿನ ಕೊರತೆಯಿಂದ ಎಂದು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ರಬ್ಬರಿಗೆ ಜಿಡ್ಡು ಹಚ್ಚಿ ಫಲವಿಲ್ಲ. ಆದರೆ ಶ್ವಾಸಕೋಶದಲ್ಲಿ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳ ಬಲೆಯೂ ಇದೆ. ಹಿಗ್ಗು ಮಿತಿಮೀರಿದರೆ ಬಿಗಿದು ನಿಲ್ಲಿಸುತ್ತದೆ. ಬಲೆ! ದೇವರಾಜ ಮಾರುಕಟ್ಟೆಯಲ್ಲಿ ಬೆಳ್ಳುಳ್ಳಿ ತುಂಬಿಕೊಡುವ ನೈಲಾನ್ ಬಲೆಯ ತುಂಡುಗಳನ್ನು ಎರಡೂ ಬಲೂನುಗಳಿಗೆ ತೊಡಿಸಿದೆ. ಎರಡನ್ನೂ ಮೊದಲೇ ಹತ್ತು ಸಲ ಊದಿ ಪಳಗಿಸಿದೆ. ವಪೆ ಎಳೆದೆ. ಮೊದಲನೆಯದು ನಿಂಬೆಯಷ್ಟಾಗಿ ಬಲೆಗೆ ಒತ್ತಿ ನಿಂತಿತು, ಕಣ್ಣುಗಳಿಂದ ರಬ್ಬರು ಸಣ್ಣ ಸಣ್ಣ ಗುಳ್ಳೆಗಳಾಗಿ ಹೊರಚಾಚಿತು. ಅರೆಕ್ಷಣ ಏನೂ ಇಲ್ಲ. ಆಮೇಲೆ ಎರಡನೆಯದು ಪುಳಕ್ಕನೆ ಬಿಚ್ಚಿಕೊಂಡಿತು.

ಮುಂದಿನದು ಉಸಿರಿನ ಗಾಳಿಯ ಪ್ರಮಾಣ ಅಳೆಯುವ ನೀರಿನ ಸ್ಪೈರೋಮೀಟರ್: ಬಕೆಟ್ಟಿನ ನೀರಿನಲ್ಲಿ ಬೋರಲು ಹಾಕಿದ ಡಬ್ಬಿ, ರಾಟೆ, ಎದುರುತೂಕ. 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ಪ್ರಕಟಿಸಿದ ಉಪಾಯವೂ ಇಂಥದ್ದೇ. ಸುಮ್ಮನೆ ಕೂತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿದು ಬಂದ ಕೂಡಲೇ ಎಷ್ಟು ಬೇಕೆಂದು ಅಳೆಯುವಾಸೆ. ರಾಟೆ ಮಾತ್ರ ಆ ಕೊಳವೆಯ ಅಂಗಡಿಯಲ್ಲಿ ಕೊಳ್ಳುವುದಿಲ್ಲ.

ಬಲೆಯ ಎಳೆಗಳು ನಲವತ್ತು ಉಸಿರಿಗೇ ಬಿಚ್ಚಿಕೊಳ್ಳುತ್ತಿವೆ. ನಾಳೆ ಬೆಳಿಗ್ಗೆ ಮತ್ತೆ ಮಾರುಕಟ್ಟೆಗೆ ಹೋಗಿ, ಈರುಳ್ಳಿಯ ದಪ್ಪ ಬಲೆಯನ್ನು ಹುಡುಕಬೇಕು.